ಚಲಿಸುವ ಮನೆಯ ತಂಪು

ಮೂರು ದಶಕಗಳಿಗೂ ಮೀರಿ ಕನ್ನಡ ಕಾವ್ಯವನ್ನು ಪಾಠ ಹೇಳಿ ನಿವೃತ್ತನಾದವನು ಹವಾನಿಯಂತ್ರಣದ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬರುವುದು ಸಹಜ. ಯಂತ್ರಶಾಸ್ತ್ರ ನನ್ನ ಕ್ಷೇತ್ರವಲ್ಲ. ಮನೆಯ ಫ್ಯಾನು ನಿಂತರೆ ಪಕ್ಕದ ಮನೆಯ ಹುಡುಗನನ್ನು ಕರೆಯುವವನು ನಾನು. ಆದರೂ ಕೆಲವು ಕಾಲದಿಂದ ಒಂದು ಸಣ್ಣ ಪ್ರಶ್ನೆ ನನ್ನನ್ನು ಹಿಡಿದುಕೊಂಡಿದೆ. ಊರಿಂದೂರಿಗೆ ಸಾಗುವ ಒಂದು ಪುಟ್ಟ ಮನೆಯನ್ನು ಅಲ್ಪ ಶಕ್ತಿಯ ಖರ್ಚಿನಲ್ಲಿಯೇ ಬೇಸಗೆಯಲ್ಲಿ ತಂಪಾಗಿಡುವುದು ಹೇಗೆ? ಇಂದಿನ ಪ್ರಶ್ನೆಯಂತೆ ತೋರುವ ಇದರ ಹಿಂದೆ ನಾಲ್ಕು ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನಾನು ಕಂಡದ್ದನ್ನು ನಿಮ್ಮ ಮುಂದಿಡಬೇಕೆಂದು ಈ ಪ್ರಯತ್ನ.

ನನ್ನ ಮಗಳು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿದ್ದಾಳೆ. ಅವಳೂ ಅಳಿಯನೂ ಸೇರಿ ಹಳೆಯದೊಂದು ಸರಕಿನ ವ್ಯಾನನ್ನು ಕೊಂಡು, ಅದರೊಳಗೆ ಮಂಚ, ಒಲೆ, ನೀರಿನ ತೊಟ್ಟಿಗಳನ್ನು ಅಳವಡಿಸಿಕೊಂಡಿದ್ದಾರೆ. ರಜೆ ಬಂತೆಂದರೆ ಅದರಲ್ಲಿಯೇ ಉಂಡು, ಅದರಲ್ಲಿಯೇ ಮಲಗಿ, ಊರೂರು ತಿರುಗುತ್ತಾರೆ. ಅಲ್ಲಿಯವರು ಅದಕ್ಕೆ ಕ್ಯಾಂಪರ್ ಎನ್ನುತ್ತಾರೆ. ನಾನು ಮನೆಗಾಡಿ ಎಂದು ಹೆಸರಿಟ್ಟುಕೊಂಡಿದ್ದೇನೆ. 2023ರ ಜೂನ್ ತಿಂಗಳಲ್ಲಿ ನಾನು ಅಲ್ಲಿಗೆ ಹೋದಾಗ ಆ ಮನೆಗಾಡಿಯಲ್ಲಿ ಮರುಭೂಮಿಯನ್ನು ದಾಟಿ ಟೆಕ್ಸಾಸಿನ ಕಡಲತೀರದವರೆಗೆ ಹೋಗಿ ಬರುವ ಯೋಗ ಒದಗಿತು. ಹೊರಡುವ ಮುನ್ನ ಅಳಿಯ ಚಾವಣಿಯ ಗಾಳಿಕಿಂಡಿಗೆ ಒಂದು ಪೆಟ್ಟಿಗೆಯನ್ನು ಜೋಡಿಸುತ್ತಿದ್ದ. ಅದರೊಳಗೆ ನಾರಿನಂಥ ಒಂದು ಹಾಸು, ಅದರ ಮೇಲೆ ನೀರು ತೊಟ್ಟಿಕ್ಕಿಸುವ ಕಿರುಬೆರಳಿನಷ್ಟು ಪಂಪು, ಒಂದು ಪುಟ್ಟ ಫ್ಯಾನು. ಇಷ್ಟೇ ಯಂತ್ರ. ಅದನ್ನು ನೋಡಿದೊಡನೆ ನನಗೆ ಎಲ್ಲಿಯೋ ಕಂಡ ಹಳೆಯ ನೆಂಟನನ್ನು ಕಂಡಂತಾಯಿತು. ಎಲ್ಲಿ ಕಂಡಿದ್ದೆ ಎಂಬುದು ಹೊಳೆಯಲು ಕೆಲವು ದಿನ ಬೇಕಾಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ದೇಹದ ತಾಪವನ್ನು ಕಳೆಯಲು ಬೇರೊಂದನ್ನು ಮೈಗೆ ಹಚ್ಚುವುದು ನಮ್ಮ ಹಿಂದಿನವರ ಮೊದಲ ಉಪಾಯ. ಕಾಳಿದಾಸನ ಶಾಕುಂತಲದ ಮೂರನೆಯ ಅಂಕವನ್ನು ಓದಿದವರಿಗೆ ಉಶೀರದ ಲೇಪನ ನೆನಪಿದ್ದೀತು. ಆ ಉಶೀರವೇ ನಮ್ಮ ಲಾವಂಚ, ಉತ್ತರದವರ ಖಸ್. ನೆಲದೊಳಗೆ ಆಳಕ್ಕಿಳಿಯುವ ಒಂದು ಹುಲ್ಲಿನ ಬೇರು. ಒಣಗಿದಾಗ ನಿರ್ಜೀವ ನಾರಿನಂತೆ ಕಾಣುವ ಅದು ನೀರು ಬಿದ್ದೊಡನೆ ಮೊದಲ ಮಳೆಯ ಮಣ್ಣಿನ ಕಂಪನ್ನು ಬಿಡುತ್ತದೆ. ದಾರಿ ನಡೆಯುವವರಿಗೆ ನಮ್ಮ ನಾಡಿನಲ್ಲಿ ಬೇರೊಂದು ಏರ್ಪಾಡೂ ಇತ್ತು. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಅರವಟ್ಟಿಗೆ ಎಂಬ ಮಾತನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲರು. ಒದ್ದೆ ಮರಳಿನ ಮೇಲೆ ಮಣ್ಣಿನ ಕೊಡವನ್ನಿಟ್ಟು ಬಂದವರಿಗೆಲ್ಲ ನೀರು ಕೊಡುವುದು ಆ ಧರ್ಮ. ಆದರೆ ಅರವಟ್ಟಿಗೆ ಇದ್ದಲ್ಲಿಯೇ ಇರುತ್ತದೆ; ಪಥಿಕ ಅದನ್ನು ಬಿಟ್ಟು ಮುಂದೆ ನಡೆಯಲೇಬೇಕು. ತಂಪನ್ನೇ ಜೊತೆಯಲ್ಲಿ ಒಯ್ಯುವುದು ಬೇರೆಯ ಕಥೆ.

ಲಾವಂಚವನ್ನು ಮೈಯಿಂದ ತೆಗೆದು ಮನೆಯ ಗೋಡೆಗೆ ಹಚ್ಚಿದ ಸಂಗತಿಯನ್ನು ಅಬುಲ್ ಫಜಲನ 'ಐನ್-ಇ-ಅಕ್ಬರಿ' ದಾಖಲಿಸಿದೆ. ಬಿದಿರಿನ ಚೌಕಟ್ಟಿನಲ್ಲಿ ಈ ಬೇರನ್ನು ತುಂಬಿ ತಟ್ಟಿಯಾಗಿ ಕಟ್ಟಿ, ಮೇಲೆ ನೀರೆರಚಿದರೆ ಕಡುಬೇಸಗೆಯಲ್ಲಿಯೂ ಚಳಿಗಾಲದ ಸುಖ ದೊರೆಯುತ್ತದೆಂದೂ, ಇದು ಅಕ್ಬರನ ಅಪ್ಪಣೆಯಿಂದ ಬಳಕೆಗೆ ಬಂತೆಂದೂ ಅವನು ಹೇಳುತ್ತಾನೆ. ಅರಸರ ಹೊಗಳಿಕೆಯನ್ನು ಅರಸರ ಆಶ್ರಿತರಿಂದ ಕೇಳುವಾಗ ತುಸು ಎಚ್ಚರವಿರಬೇಕು. ಉಪಾಯ ಅದಕ್ಕಿಂತ ಹಳೆಯದಿರಬಹುದು. ಅರಮನೆಯಲ್ಲಿ ಅದಕ್ಕೊಂದು ಕ್ರಮ ಬಂದದ್ದು ಆ ಕಾಲದಲ್ಲಿ ಎಂದಿಟ್ಟುಕೊಳ್ಳೋಣ. 1586ರಿಂದ ಈಚೆಗೆ, ಅಕ್ಬರನ ಬೀಡು ಪಂಜಾಬಿನಲ್ಲಿದ್ದಾಗ, ಉತ್ತರದ ಬೆಟ್ಟಗಳಿಂದ ಹಿಮವನ್ನು ಲಾಹೋರಿಗೆ ತರಿಸುತ್ತಿದ್ದರೆಂಬುದನ್ನೂ ಅದೇ ಗ್ರಂಥ ತಿಳಿಸುತ್ತದೆ. ಒದ್ದೆ ತಟ್ಟಿ ಮತ್ತು ಮಂಜುಗಡ್ಡೆ, ಇವೆರಡನ್ನು ನೆನಪಿನಲ್ಲಿಡಿ. ಮುಂದಿನ ಮುನ್ನೂರೈವತ್ತು ವರ್ಷ ಪ್ರಯಾಣಿಕನಿಗೆ ಇವೆರಡೇ ಗತಿಯಾದವು.

ಚಲಿಸುವ ಮನೆಯ ವಿಷಯಕ್ಕೆ ಬಂದರೆ ಮೊಗಲರ ದಂಡಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಔರಂಗಜೇಬನು 1664ರ ಡಿಸೆಂಬರಿನಲ್ಲಿ ದಿಲ್ಲಿಯಿಂದ ಕಾಶ್ಮೀರಕ್ಕೆ ಹೊರಟಾಗ ಫ್ರೆಂಚ್ ವೈದ್ಯ ಫ್ರಾಂಸ್ವಾ ಬರ್ನಿಯೇ ಆ ದಂಡಿನ ಜೊತೆಯಲ್ಲಿದ್ದ. ಬಾದಶಹನಿಗೆ ಎರಡು ಜೊತೆ ಡೇರೆಗಳಿದ್ದವು. ಒಂದರಲ್ಲಿ ಅವನು ತಂಗಿರುವಾಗ ಇನ್ನೊಂದು ಮುಂದಿನ ಬೀಡಿಗೆ ಹೋಗಿ ನಿಂತಿರುತ್ತಿತ್ತು. ದಿಲ್ಲಿಯ ಶ್ರೀಮಂತರ ತೋಟಗಳಲ್ಲಿದ್ದ ಖಸ್‌ಖಾನೆಗಳನ್ನೂ ಬರ್ನಿಯೇ ಬಣ್ಣಿಸಿದ್ದಾನೆ. ಲಾವಂಚದ ಆ ಕೋಣೆಗಳನ್ನು ಕೊಳದ ಹತ್ತಿರವೇ ಕಟ್ಟುತ್ತಿದ್ದರು. ಸೇವಕರು ತೊಗಲಿನ ಚೀಲಗಳಲ್ಲಿ ನೀರು ತಂದು ಹೊರಗಿನಿಂದ ತೋಯಿಸುವುದಕ್ಕೆ ಅದು ಅನುಕೂಲ. ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಅವನು ಹೇಳುವ ಒಂದು ತವರದ ಹೂಜಿಯ ಮಾತು. ಅದಕ್ಕೆ ಬಟ್ಟೆಯ ಕವಚ ತೊಡಿಸಿ, ಬಟ್ಟೆಯನ್ನು ಒದ್ದೆಮಾಡಿ ಗಾಳಿಗೆ ಹಿಡಿದರೆ ಒಳಗಿನ ನೀರು ತಂಪಾಗುತ್ತಿತ್ತು. ಪ್ರಯಾಣದಲ್ಲಿ ಸೇವಕನೊಬ್ಬ ಅದನ್ನು ಹಿಡಿದುಕೊಂಡು ಬರುತ್ತಿದ್ದ. ದಾರಿಯ ಗಾಳಿಯೇ ಬೀಸಣಿಗೆಯ ಕೆಲಸ ಮಾಡುತ್ತಿತ್ತು.

ಇದರ ಗುಟ್ಟು ಸರಳ. ನೀರು ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು. ಆ ಶಾಖವನ್ನು ಅದು ತನ್ನನ್ನು ಮುಟ್ಟಿದ ಗಾಳಿಯಿಂದಲೂ ಪಾತ್ರೆಯಿಂದಲೂ ಕಸಿದುಕೊಳ್ಳುತ್ತದೆ. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗುವಾಗ ಹೀರುವ ಶಾಖ ಸುಮಾರು 334 ಕಿಲೋಜೌಲ್. ಅಷ್ಟೇ ತೂಕದ ನೀರು ಆವಿಯಾಗುವಾಗ ಹೀರುವುದು ಸುಮಾರು 2,430. ಎಂದರೆ ಒಂದು ತಂಬಿಗೆ ನೀರು ಆವಿಯಾದರೆ ಏಳು ತಂಬಿಗೆ ತೂಕದ ಮಂಜುಗಡ್ಡೆ ಕರಗಿದ ಫಲ. ಬಡವನ ನೀರು ಬಾದಶಹನ ಹಿಮಕ್ಕಿಂತ ಏಳುಪಟ್ಟು ಬಲಶಾಲಿ ಎಂದಾಯಿತು. ಆದರೆ ಒಂದು ನಿಬಂಧನೆಯುಂಟು: ಗಾಳಿ ಒಣಗಿರಬೇಕು. ಮಂಜುಗಡ್ಡೆ ಎಲ್ಲಿದ್ದರೂ ತಂಪು ಕೊಡುತ್ತದೆ; ನೀರು ಗಾಳಿಯ ಅನುಮತಿ ಇದ್ದರೆ ಮಾತ್ರ.

ಇಂಗ್ಲಿಷರು ಬಂದ ಮೇಲೆ ತಟ್ಟಿಗೆ ಯಂತ್ರದ ರೂಪ ಬಂತು. 1830ರ ದಶಕದಲ್ಲಿ 'ಥರ್ಮ್ಯಾಂಟಿಡೋಟ್' ಎಂಬ ಬಾಯಿತುಂಬುವ ಹೆಸರಿನ ಸಾಧನವೊಂದು ಬಳಕೆಗೆ ಬಂತು. ಶಾಖಕ್ಕೆ ಪ್ರತಿವಿಷ ಎಂದು ಹೆಸರಿನ ಅರ್ಥ. ಕಿಟಕಿಗೆ ಕೂರಿಸಿದ ದೊಡ್ಡ ಪೆಟ್ಟಿಗೆ, ಅದರ ಪಕ್ಕಗಳಿಗೆ ಒದ್ದೆ ಲಾವಂಚದ ತಟ್ಟಿ, ಒಳಗೆ ಕೈಯಿಂದ ತಿರುಗಿಸುವ ರೆಕ್ಕೆಯ ಚಕ್ರ. ತಿರುಗಿಸುವವನು ಹೊರಗೆ, ತಂಪು ಒಳಗೆ. ಮಂಜುಗಡ್ಡೆಗೂ ಆಗಲೇ ಹೊಸ ದಾರಿ ತೆರೆಯಿತು. 1833ರ ಮೇ ತಿಂಗಳಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ 'ಟಸ್ಕನಿ' ಎಂಬ ಹಡಗಿನಲ್ಲಿ ಅಮೆರಿಕದ ಕೊಳಗಳ ಸುಮಾರು 180 ಟನ್ ಮಂಜುಗಡ್ಡೆಯನ್ನು ಕಲಕತ್ತೆಗೆ ಕಳುಹಿಸಿದ. ನಾಲ್ಕು ತಿಂಗಳ ಸಮುದ್ರಯಾನದ ಬಳಿಕ ಸುಮಾರು 100 ಟನ್ ಉಳಿದಿತ್ತು. ಮದರಾಸಿನ ಕಡಲತೀರದಲ್ಲಿ ಮಂಜುಗಡ್ಡೆಯನ್ನು ಇಡಲು 1842ರಲ್ಲಿ ಕಟ್ಟಿದ ಕಟ್ಟಡ ಇಂದಿಗೂ ಐಸ್ ಹೌಸ್ ಎಂಬ ಹೆಸರನ್ನು ತನ್ನ ಬಡಾವಣೆಗೆ ಕೊಟ್ಟು ನಿಂತಿದೆ.

ರೈಲು ಬಂದಾಗ ಈ ಎರಡು ಉಪಾಯಗಳೂ ರೈಲು ಹತ್ತಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೊದಲ ದರ್ಜೆಯ ಡಬ್ಬಿಗಳ ಕಿಟಕಿಗೆ ಲಾವಂಚದ ತಟ್ಟಿಗಳನ್ನು ಕೂರಿಸುತ್ತಿದ್ದರು. ಓಡುವ ರೈಲಿಗೆ ಗಾಳಿಯ ಕೊರತೆಯೇ? ಒದ್ದೆಮಾಡುವುದೊಂದೇ ಕೆಲಸ. ಆ ಬಳಿಕ ಮಂಜುಗಡ್ಡೆಯ ಸರದಿ. ಮುಂಬಯಿಯಿಂದ ಪೇಶಾವರಕ್ಕೆ ಹೋಗುತ್ತಿದ್ದ ಫ್ರಾಂಟಿಯರ್ ಮೇಲ್ 1928ರಲ್ಲಿ ಪ್ರಾರಂಭವಾದ ಹೆಸರಾಂತ ಗಾಡಿ. 1934ರಲ್ಲಿ ಅದಕ್ಕೆ ತಂಪು ಡಬ್ಬಿಯೊಂದನ್ನು ಜೋಡಿಸಿದರು. ಡಬ್ಬಿಯ ನೆಲದ ಕೆಳಗೆ ಪೆಟ್ಟಿಗೆಗಳು. ಅವುಗಳಲ್ಲಿ ಮಂಜುಗಡ್ಡೆಯ ಗಟ್ಟಿಗಳು. ಬ್ಯಾಟರಿಯಿಂದ ನಡೆಯುವ ಫ್ಯಾನು ಆ ತಂಪನ್ನು ಮೇಲಕ್ಕೆ ಊದುತ್ತಿತ್ತು. ದಾರಿಯ ನಿಲ್ದಾಣಗಳಲ್ಲಿ ಕರಗಿದ್ದಕ್ಕೆ ಬದಲು ಹೊಸ ಗಟ್ಟಿಗಳನ್ನು ತುಂಬುತ್ತಿದ್ದರು. ಎರಡು ವರ್ಷಗಳ ತರುವಾಯ, 1936ರಲ್ಲಿ, ಮಾತುಂಗಾ ಕಾರ್ಖಾನೆಯಲ್ಲಿ ಹವಾನಿಯಂತ್ರಿತ ಡಬ್ಬಿ ತಯಾರಾಯಿತು. 1956ರಲ್ಲಿ ಹೌರಾ ಮತ್ತು ದಿಲ್ಲಿಯ ನಡುವೆ ಇಡಿಯ ರೈಲೇ ಹವಾನಿಯಂತ್ರಿತವಾಗಿ ಓಡಿತು. ಪ್ಲಾಟ್‌ಫಾರಮ್ಮಿನ ಬಿಸಿಲಿನಲ್ಲಿ ಬೆನ್ನ ಮೇಲೆ ಗೋಣಿ ಹಾಕಿಕೊಂಡು ಆ ಗಟ್ಟಿಗಳನ್ನು ಹೊತ್ತವರ ವಿಷಯವಾಗಿ ಫ್ರಾಂಟಿಯರ್ ಮೇಲಿನ ವೈಭವದ ಬರಹಗಳು ಹೆಚ್ಚು ಹೇಳುವುದಿಲ್ಲ.

ಮಂಜುಗಡ್ಡೆ ಮರೆಯಾದರೂ ಅದರ ಲೆಕ್ಕ ಮರೆಯಾಗಲಿಲ್ಲ. ನಾವು ಅಂಗಡಿಯಲ್ಲಿ ಒಂದು ಟನ್ನಿನ ಏಸಿ, ಒಂದೂವರೆ ಟನ್ನಿನ ಏಸಿ ಎನ್ನುತ್ತೇವಲ್ಲ, ಅದು ಯಂತ್ರದ ತೂಕವೆಂದು ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲವಂತೆ. ಅಮೆರಿಕದ ಅಳತೆಯ ಒಂದು ಟನ್, ಎಂದರೆ ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆ, 24 ಗಂಟೆಗಳಲ್ಲಿ ಕರಗುವಾಗ ಎಷ್ಟು ತಂಪು ಕೊಡುವುದೋ ಅಷ್ಟನ್ನು ಆ ಯಂತ್ರ ಕೊಡುತ್ತದೆಂದು ಅರ್ಥ. ಇಂದಿನ ಮಾನದಲ್ಲಿ ಮೂರೂವರೆ ಕಿಲೋವಾಟ್. ಹಳೆಯ ವೃತ್ತಿಯೊಂದು ಅಳಿದರೂ ಅದರ ಮಾತು ಭಾಷೆಯಲ್ಲಿ ಉಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನ್ನ ಶಬ್ದಾರ್ಥದ ಪಾಠಗಳಲ್ಲಿಯೂ ಇರಲಿಲ್ಲ. ಇನ್ನೊಂದು ಸಂಗತಿ ಸಾಹಿತ್ಯಪ್ರಿಯರಿಗೆ ರುಚಿಸೀತು. ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ 1902ರಲ್ಲಿ ತನ್ನ ಹವಾನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ. ತೇವದ ಗಾಳಿಗೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಯಂತ್ರದ ಮೊದಲ ಅನುಗ್ರಹ ದೊರೆತದ್ದು ಕಾಗದಕ್ಕೆ. ಮನುಷ್ಯನ ಸರದಿ ಬಂದದ್ದು ಆಮೇಲೆ.

ಅಮೆರಿಕದಲ್ಲಿಯೂ ಚಲಿಸುವ ಮನೆ ಇದೇ ಮೆಟ್ಟಿಲುಗಳನ್ನು ಹತ್ತಿತು. 1930ರಲ್ಲಿ ಬಾಲ್ಟಿಮೋರ್ ಮತ್ತು ಓಹಾಯೋ ರೈಲ್ವೆಯ ಊಟದ ಡಬ್ಬಿಯೊಂದಕ್ಕೆ ಯಂತ್ರದ ತಂಪು ಬಂತು. 1936ರಲ್ಲಿ ವಾಲಿ ಬೈಯಮ್ ತಯಾರಿಸಿದ 'ಏರ್‌ಸ್ಟ್ರೀಮ್ ಕ್ಲಿಪ್ಪರ್' ಎಂಬ ಅಲ್ಯೂಮಿನಿಯಮ್ಮಿನ ಮನೆಗಾಡಿಯಲ್ಲಿ ಒಣ ಮಂಜುಗಡ್ಡೆಯಿಂದ ಗಾಳಿಯನ್ನು ತಣಿಸುವ ಏರ್ಪಾಡಿತ್ತು. 1939ರ ಕೊನೆಗೆ ಪ್ಯಾಕರ್ಡ್ ಕಂಪೆನಿ ಹವಾನಿಯಂತ್ರಿತ ಕಾರನ್ನು ತೋರಿಸಿತು. ಅದರ ತಣಿಸುವ ಭಾಗ ಹಿಂದಿನ ಸಾಮಾನಿನ ಜಾಗವನ್ನು ನುಂಗಿಹಾಕಿತ್ತು. ತಂಪು ಸಾಕೆನಿಸಿದರೆ ಎಂಜಿನನ್ನು ನಿಲ್ಲಿಸಿ ಮುಚ್ಚಳ ತೆಗೆದು ಬೆಲ್ಟನ್ನೇ ಬಿಚ್ಚಬೇಕಿತ್ತು. ಅಂಥ ಕಾರನ್ನು ಕೊಳ್ಳಲಾರದ ಜನ ಮರುಭೂಮಿಯನ್ನು ದಾಟುವಾಗ ಕಾರಿನ ಕಿಟಕಿಗೆ ಒಂದು ಉರುಟು ಡಬ್ಬವನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಅದರೊಳಗೆ ನೀರು ಮತ್ತು ಮರದ ನಾರು. ಓಟದ ಗಾಳಿ ಅದರ ಮೂಲಕ ಹಾದು ತಂಪಾಗಿ ಒಳಗೆ ಬರುತ್ತಿತ್ತು. ಬರ್ನಿಯೇಯ ಹೂಜಿ ಕಾರನ್ನೇರಿತ್ತು, ಅಷ್ಟೆ.

ಇನ್ನು ಇಂದಿನ ಮನೆಗಾಡಿಯ ಲೆಕ್ಕ. ಇದನ್ನು ನನಗೆ ಮಗಳು ಕಲಿಸಿದಳು. ಮನೆಗಾಡಿಗಳ ಚಾವಣಿಯ ಮೇಲೆ ಸಾಮಾನ್ಯವಾಗಿ ಕೂರಿಸುವ ಏಸಿ ಒಂದು ಟನ್ನಿಗೆ ತುಸು ಹೆಚ್ಚಿನದು. ಅದಕ್ಕೆ ಬೇಕಾದ ವಿದ್ಯುತ್ತು 1,200ರಿಂದ 1,500 ವಾಟ್. ಪುಟ್ಟ ಗಾಡಿಯ ಚಾವಣಿಯಲ್ಲಿ ಹಿಡಿಸುವ ಸೂರ್ಯಫಲಕಗಳು ಒಟ್ಟು 400 ವಾಟಿನವು ಎಂದರೆ, ಒಳ್ಳೆಯ ಬಿಸಿಲಿನ ದಿನ ಅವು ಕೂಡಿಸಿಕೊಡುವುದು ಸುಮಾರು ಎರಡು ಯೂನಿಟ್ಟು. ಹನ್ನೆರಡು ವೋಲ್ಟಿನ, ನೂರು ಆಂಪಿಯರ್-ಗಂಟೆಯ ಲಿಥಿಯಮ್ ಬ್ಯಾಟರಿಯೊಂದು ಹಿಡಿದಿಡುವುದು ಒಂದೂಕಾಲು ಯೂನಿಟ್ಟಿಗೆ ಸ್ವಲ್ಪ ಹೆಚ್ಚು. ದೊಡ್ಡ ಏಸಿ ಅದನ್ನು ಒಂದೇ ಗಂಟೆಯಲ್ಲಿ ಕುಡಿದುಬಿಡುತ್ತದೆ. ರಾತ್ರಿಯಿನ್ನೂ ಆಗಷ್ಟೇ ತೊಡಗಿರುತ್ತದೆ. ಜನರೇಟರನ್ನು ಹಚ್ಚಿದರೆ ಸದ್ದು, ಹೊಗೆ, ನೆರೆಯವರ ಶಾಪ.

ಹಾಗಾದರೆ ಅಲ್ಪ ಶಕ್ತಿಯ ದಾರಿಗಳು ಯಾವುವು? ಮೊದಲನೆಯದು ಶಾಖವನ್ನು ಒಳಗೆ ಬಿಡದಿರುವುದು: ಚಾವಣಿಗೆ ಬಿಳಿಯ ಬಣ್ಣ, ಗೋಡೆಗೆ ಉಣ್ಣೆಯಂಥ ಒಳಪದರ, ಕಿಟಕಿಗೆ ಬೆಳಕನ್ನು ಹಿಂದಿರುಗಿಸುವ ಪರದೆ, ನಿಲ್ಲಿಸಲು ಒಂದು ಮರದ ನೆರಳು. ಎರಡನೆಯದು ಫ್ಯಾನು, ಇಪ್ಪತ್ತು ಮೂವತ್ತು ವಾಟಿನ ಖರ್ಚಿನಲ್ಲಿ ಬೆವರನ್ನು ಆರಿಸುತ್ತದೆ. ಮೂರನೆಯದು ನೀರಿನ ಪೆಟ್ಟಿಗೆ. ಗಂಟೆಗೆ ಮೂರು ಲೀಟರ್ ನೀರು ಆವಿಯಾದರೆ ಎರಡು ಕಿಲೋವಾಟಿನಷ್ಟು ತಂಪು, ಖರ್ಚು ಐವತ್ತು ಅರವತ್ತು ವಾಟ್. ನಾಲ್ಕನೆಯದು ಮಂಜುಗಡ್ಡೆಯೇ, ಹತ್ತು ಕಿಲೋಗ್ರಾಮಿನ ಗಟ್ಟಿಯೊಂದು ಕರಗುವಾಗ ಇಬ್ಬರು ಮಲಗುವ ಚಿಕ್ಕ ಗೂಡನ್ನು ಒಂದೆರಡು ತಾಸು ತಣಿಸಬಲ್ಲದು. ಐದನೆಯದು ಬ್ಯಾಟರಿಯಿಂದ ನೇರವಾಗಿ ನಡೆಯುವ ಚಿಕ್ಕ ಏಸಿ. ಅದರ ಕಂಪ್ರೆಸರು ಅಗತ್ಯಕ್ಕೆ ತಕ್ಕಂತೆ ನಿಧಾನವಾಗಿಯೂ ತಿರುಗುತ್ತದೆ. ಪೂರ್ತಿ ಓಡುವಾಗ ನಾನೂರು ಐನೂರು ವಾಟ್, ರಾತ್ರಿ ನಿಧಾನಕ್ಕೆ ಬಂದಾಗ ಅದರ ಅರ್ಧ. ಇವನ್ನೆಲ್ಲ ಹೇಳಿ ಮಗಳು ಕೊನೆಗೊಂದು ಮಾತು ಸೇರಿಸಿದಳು: "ಅಪ್ಪಾ, ಇಡೀ ಗಾಡಿ ತಂಪು ಮಾಡೋದು ಬ್ಯಾಡ. ಮಲಗಿದವರನ್ನ ತಂಪು ಮಾಡಿದ್ರ ಸಾಕು." ಮಲಗಿರುವ ಮನುಷ್ಯನ ದೇಹ ಹೊರಬಿಡುವ ಶಾಖ ನೂರು ವಾಟಿಗಿಂತ ಕಡಿಮೆ. ಹಾಸಿಗೆಯ ಸುತ್ತ ದಪ್ಪ ಬಟ್ಟೆಯ ಪರದೆ ಇಳಿಬಿಟ್ಟು ಆ ಗೂಡನ್ನಷ್ಟೇ ತಣಿಸಿದರೆ ಚಿಕ್ಕ ಯಂತ್ರವೂ ಬೆಳಗಿನವರೆಗೆ ನಡೆದೀತು.

ಮರುಭೂಮಿಯಲ್ಲಿ ನಮಗೆ ನೀರಿನ ಪೆಟ್ಟಿಗೆಯೇ ಸಾಕಾಯಿತು. ಹೊರಗೆ 42 ಡಿಗ್ರಿ ಉಷ್ಣತೆಯಿದ್ದು ಗಾಳಿಯ ತೇವ ಶೇಕಡಾ 15 ಇದ್ದರೆ, ನೀರು ಆ ಗಾಳಿಯನ್ನು ತಾತ್ತ್ವಿಕವಾಗಿ 22 ಡಿಗ್ರಿಯವರೆಗೆ ಇಳಿಸಬಲ್ಲದು. ಒಳ್ಳೆಯ ಪೆಟ್ಟಿಗೆಯಿಂದ 26-27 ಡಿಗ್ರಿಯ ಗಾಳಿ ಬರುತ್ತದೆ. ನಮ್ಮ ರಾಯಚೂರು, ಕಲಬುರ್ಗಿಗಳ ಬೇಸಗೆಯಲ್ಲಿ ಕೂಲರುಗಳು ನಡೆಯುವುದೂ ಹೀಗೆಯೇ. ಆದರೆ ಟೆಕ್ಸಾಸಿನ ಗಾಲ್ವೆಸ್ಟನ್ ಕಡಲತೀರವನ್ನು ಮುಟ್ಟಿದ ರಾತ್ರಿ ಅದೇ ಪೆಟ್ಟಿಗೆ ನಮಗೆ ಕೈಕೊಟ್ಟಿತು. ಅಂಥ ಕಡೆ 34 ಡಿಗ್ರಿ ಉಷ್ಣತೆ, ಶೇಕಡಾ 70 ತೇವವಿದ್ದರೆ ನೀರು ಗಾಳಿಯನ್ನು ಇಳಿಸುವುದು 29ಕ್ಕೆ; ಅದರ ಜೊತೆಗೆ ಗಾಡಿಯೊಳಗೆ ಇನ್ನಷ್ಟು ತೇವ ತುಂಬುತ್ತದೆ. ಹಾಸಿಗೆ ಅಂಟಿತು, ಉಸಿರು ಭಾರವಾಯಿತು. ಮಂಗಳೂರು ಕಾರವಾರಗಳವರು ಮರುಭೂಮಿಯ ಕೂಲರನ್ನು ಏಕೆ ನಂಬುವುದಿಲ್ಲ ಎಂಬುದು ನನಗೆ ಆ ರಾತ್ರಿ ಅರ್ಥವಾಯಿತು. ಲಾವಂಚ ಬೆಳೆಯುವ ಕರಾವಳಿಯಲ್ಲಿ ಲಾವಂಚದ ತಟ್ಟಿ ಪ್ರಯೋಜನಕ್ಕೆ ಬಾರದು. ಅದರ ಗುಣ ಕಾಣುವುದು ಒಣನಾಡಿನಲ್ಲಿ. ಅಳಿಯ ಮರುದಿನ ಮಂಜುಗಡ್ಡೆ ತಂದು ಹಾಸಿಗೆಯ ಗೂಡಿಗೆ ಗಾಳಿ ಊದಿಸಿದ. ಫ್ರಾಂಟಿಯರ್ ಮೇಲಿನ ಡಬ್ಬಿಯಲ್ಲಿ ಮಲಗಿದವರ ಸುಖ ನಮಗೂ ಒಂದು ಗಳಿಗೆ ದಕ್ಕಿತು.

ನಿದ್ರೆ ಬಾರದ ಆ ಮೊದಲ ರಾತ್ರಿಯಲ್ಲಿಯೇ ನನಗೆ ಹಳೆಯ ನೆಂಟನ ಗುರುತು ಹತ್ತಿದ್ದು.

ನನ್ನ ತಂದೆ ಲಾರಿ ಚಾಲಕರಾಗಿದ್ದರು. ಗದಗಿನಿಂದ ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ವಿಜಾಪುರದ ದಾರಿಯಾಗಿ ಸೊಲ್ಲಾಪುರಕ್ಕೆ ಹೋಗುತ್ತಿದ್ದರು. ನನಗೆ ಹತ್ತು ಹನ್ನೊಂದರ ವಯಸ್ಸು; ಬೇಸಗೆಯ ರಜೆಯಲ್ಲಿ ಹಟಮಾಡಿ ಒಂದು ಸಲ ಜೊತೆಗೆ ಹೋದೆ. ಲಾರಿಯ ಮುಂಭಾಗದಲ್ಲಿ ದಪ್ಪ ಕ್ಯಾನ್ವಾಸಿನ ನೀರಿನ ಚೀಲವೊಂದು ತೂಗುತ್ತಿತ್ತು. ಹನಿ ಜಿನುಗಿ ಅದರ ಮೈಯೆಲ್ಲ ಸದಾ ಒದ್ದೆ. ತೂತು ಬಿದ್ದಿದೆ ಎಂದು ನಾನು ಹೇಳಿದ್ದಕ್ಕೆ ತಂದೆ ನಕ್ಕು, "ತೂತಲ್ಲ ತಮ್ಮಾ. ಒಂದೀಟು ತಾ ಸೋರಿದ್ರನ ಉಳದದ್ದು ತಂಪಾಗ್ತದ" ಎಂದಿದ್ದರು. ಬರ್ನಿಯೇಯ ಹೂಜಿಯ ಬಗೆಗೆ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಮಾತು. ಅವರು ಬರ್ನಿಯೇಯ ಹೆಸರನ್ನು ಕೇಳಿದವರಲ್ಲ. ಸಹಿ ಮಾಡುವಷ್ಟು ಅಕ್ಷರ ಬಲ್ಲವರು.

ಲಾರಿಯ ಎಂಜಿನು ಕ್ಯಾಬಿನ್ನಿನೊಳಕ್ಕೇ ಮುಖ ಚಾಚಿಕೊಂಡಿತ್ತು. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಕುದಿಯುವ ಕಬ್ಬಿಣ. ಮಧ್ಯಾಹ್ನ ದಾರಿಯ ಬದಿಯ ಬೇವಿನ ಮರದ ಕೆಳಗೆ ಲಾರಿ ನಿಂತಿತು. ತಂದೆ ಎರಡೂ ಬಾಗಿಲುಗಳಿಗೆ ಗೋಣಿತಟ್ಟು ಇಳಿಬಿಟ್ಟರು. ಕ್ಲೀನರ್ ಹುಡುಗ ಬಾವಿಯಿಂದ ಬಕೀಟಿನಲ್ಲಿ ನೀರು ತಂದು ಹೊರಗಿನಿಂದ ಅವುಗಳ ಮೇಲೆ ಎರಚಿದ. ಗಾಳಿ ಬೀಸಿದಾಗ ಒಳಗೆ ಎಂಥ ತಂಪು! ಒದ್ದೆ ಗೋಣಿಯ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ನಾನು ತಂದೆಯ ಪಕ್ಕದಲ್ಲಿ ಗಾಢವಾಗಿ ನಿದ್ದೆಹೋದೆ. ನಡುವೆ ಒಮ್ಮೆ ಎಚ್ಚರವಾದಾಗ ಗೋಣಿಯ ಆಚೆ ನೀರೆರಚುವ ಸದ್ದು. ಮತ್ತೆ ಎಚ್ಚರವಾದಾಗ ಮತ್ತೆ ಅದೇ ಸದ್ದು. ಆ ಹುಡುಗ ನನಗಿಂತ ಎರಡು ಮೂರು ವರ್ಷ ದೊಡ್ಡವನಿದ್ದಾನು. ಗೋಣಿ ಒಣಗಿದಂತೆಲ್ಲ ಅವನು ಬಾವಿಗೆ ಹೋಗಿ ಬರುತ್ತಿದ್ದ. ಹೊರಡುವ ಹೊತ್ತಿಗೆ ಹತ್ತಿಯ ಹೇರಿನ ಮೇಲೆ ಹತ್ತಿ ಕುಳಿತ. ಅದೇ ಅವನ ಜಾಗ. ಆ ಹುಡುಗನ ಹೆಸರು ಎಷ್ಟು ತಡಕಾಡಿದರೂ ನೆನಪಿಗೆ ಬರುತ್ತಿಲ್ಲ. ಐನೂರು ವರ್ಷದ ಹಿಂದಿನ ಕವಿಗಳ ಆಶ್ರಯದಾತರ ಹೆಸರುಗಳು ಬಾಯಿಪಾಠವಾಗಿವೆ.

ಒಬ್ಬ ಆಳು ಬಿಡುವಿಲ್ಲದೆ ಹೊತ್ತುಗಟ್ಟಲೆ ದುಡಿದರೆ ಕೊಡಬಲ್ಲ ಶಕ್ತಿ ಸುಮಾರು 75 ವಾಟ್ ಎಂದು ತಿಳಿದವರು ಲೆಕ್ಕ ಹಾಕಿದ್ದಾರೆ. ಅಳಿಯನ ಪೆಟ್ಟಿಗೆಯ ಪಂಪು ಮತ್ತು ಫ್ಯಾನು ಸೇರಿ ಬಳಸುವುದು ಅದಕ್ಕಿಂತ ಕಡಿಮೆ. ಇದನ್ನು ಕೇಳಿದಾಗ ನಾನು ಓದಿದ ಚರಿತ್ರೆಯೆಲ್ಲ ಬೇರೊಂದು ಬೆಳಕಿನಲ್ಲಿ ಕಾಣತೊಡಗಿತು. ಅಲ್ಪ ಶಕ್ತಿಯ ಹವಾನಿಯಂತ್ರಣ ಹೊಸತಲ್ಲ. ಅದು ಯಾವಾಗಲೂ ಇತ್ತು. ಆ ಅಲ್ಪ ಶಕ್ತಿ ಒಬ್ಬ ಮನುಷ್ಯನದಾಗಿತ್ತು. ತೊಗಲಿನ ಚೀಲದಲ್ಲಿ ನೀರು ಹೊತ್ತವನು, ಪಂಖಾದ ಹಗ್ಗ ಎಳೆದವನು, ಪ್ರತಿವಿಷದ ಚಕ್ರ ತಿರುಗಿಸಿದವನು, ರೈಲಿಗೆ ಮಂಜುಗಡ್ಡೆ ತುಂಬಿದವನು, ಇವರೆಲ್ಲರೂ ಆ 75 ವಾಟುಗಳು. ತಟ್ಟಿಯ ಒಳಗಿದ್ದವರು ಬರೆದರು, ಹೊರಗಿದ್ದವರು ತೋಯಿಸಿದರು. ನಮಗೆ ಉಳಿದಿರುವ ಚರಿತ್ರೆ ಒಳಗಿದ್ದವರದು. ಬೆರಳ ಗಾತ್ರದ ಪಂಪೊಂದು ಆ ಹುಡುಗನನ್ನು ಬಾವಿಯ ದಾರಿಯಿಂದ ಬಿಡಿಸಿತಲ್ಲ, ವಿಜ್ಞಾನದ ಬೇರೆ ಯಾವ ದೊಡ್ಡ ಸಾಧನೆಗಿಂತ ಇದನ್ನೇನೂ ಕಿರಿದೆಂದು ನಾನು ಭಾವಿಸಲಾರೆ.

ಮನೆಗಾಡಿಯ ತಂಪು ರಜೆಯಲ್ಲಿ ತಿರುಗಾಡುವವರ ಚಿಂತೆ, ನಮಗೇಕೆ ಎಂದು ಕೇಳುವವರಿದ್ದಾರೆ. ನಮ್ಮ ಹೆದ್ದಾರಿಗಳಲ್ಲಿ ರಾತ್ರಿ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡಿ. ಅವುಗಳ ಕ್ಯಾಬಿನ್ನುಗಳಲ್ಲಿ ಉಂಡು ಮಲಗುವವರು ಯಾರ ರಜೆಯನ್ನು ಕಳೆಯುತ್ತಿದ್ದಾರೆ? ನಮ್ಮ ದೇಶದ ನಿಜವಾದ ಮನೆಗಾಡಿಗಳು ಅವೇ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಒಟ್ಟು ಭಾರ ಮೂರೂವರೆ ಟನ್ನಿಗೆ ಮೀರಿದ ಸರಕು ವಾಹನಗಳು 2025ರ ಅಕ್ಟೋಬರ್ 1ರಿಂದ ತಯಾರಾಗುವುದಾದರೆ ಅವುಗಳ ಚಾಲಕನ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂದು ಅದು ವಿಧಿಸಿತು. ಅಕ್ಬರನ ತಟ್ಟಿ ಲಾರಿಯವನ ಬಾಗಿಲಿಗೆ ಬರಲು ನಾನೂರು ವರ್ಷಗಳ ಮೇಲೆ ಹಿಡಿಯಿತು. ಸಂತೋಷವೇ. ಆದರೆ ಎಂಜಿನು ಓಡುವಾಗ ನಡೆಯುವ ಆ ತಂಪು ಚಾಲಕನು ಗಾಡಿ ನಿಲ್ಲಿಸಿ ಮಲಗಿದಾಗ ಏನಾಗಬೇಕು? ರಾತ್ರಿಯೆಲ್ಲ ಎಂಜಿನು ಓಡಿಸಿದರೆ ಡೀಸೆಲು ಸುಡುತ್ತದೆ, ಊರಿಗೆ ಹೊಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2008ರಿಂದ, ಚಾಲಕನು ಮಲಗುವ ಕ್ಯಾಬಿನ್ ಇರುವ ಲಾರಿಗಳೂ ನಿಂತಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಎಂಜಿನು ಓಡಿಸಬಾರದೆಂಬ ನಿಯಮ ಬಂತು. ನಿಂತ ಲಾರಿಯ ಕ್ಯಾಬಿನ್ನನ್ನು ಬ್ಯಾಟರಿಯಿಂದಲೇ ತಣಿಸುವ ಯಂತ್ರಗಳು ಈಗ ಬಳಕೆಯಲ್ಲಿವೆ. ನನ್ನ ಮಗಳು ತನ್ನ ರಜೆಗಾಗಿ ಹಾಕಿದ ಲೆಕ್ಕವೂ ಲಾರಿಯವನ ನಿದ್ದೆಗೆ ಬೇಕಾದ ಲೆಕ್ಕವೂ ಒಂದೇ: ನಾನೂರು ವಾಟ್, ಒಂದು ಬ್ಯಾಟರಿ, ಒಂದು ಪರದೆ, ಮಲಗುವಷ್ಟು ಜಾಗದ ತಂಪು. ನಿದ್ದೆಗೆಟ್ಟ ಚಾಲಕನ ಎದುರಿಗೆ ರಸ್ತೆಯಲ್ಲಿ ಬರುವವರು ನಾವೇ ಆದ್ದರಿಂದ ಇದು ಅವನೊಬ್ಬನ ಪ್ರಶ್ನೆಯೂ ಅಲ್ಲ.

ತಂದೆಯವರು ಈಗಿಲ್ಲ. ಕೊನೆಯ ವರ್ಷಗಳಲ್ಲಿ ಅವರ ಕೋಣೆಗೆ ಏಸಿ ಹಾಕಿಸುತ್ತೇನೆಂದು ನಾನು ಹೇಳಿದಾಗ, "ಬ್ಯಾಡ ತಮ್ಮಾ, ಕಿಡಕಿಗೆ ಒಂದು ಹಸಿ ಗೋಣಿ ಕಟ್ಟು ಸಾಕು" ಎಂದಿದ್ದರು. ಕಟ್ಟಿದೆ. ಒಣಗಿದಂತೆಲ್ಲ ಹೊರಗೆ ಹೋಗಿ ನಾನೇ ನೀರೆರಚುತ್ತಿದ್ದೆ. ಗೋಣಿಯ ಹೊರಬದಿಯಲ್ಲಿ ಬಿಸಿಲು ಎಷ್ಟಿರುತ್ತದೆ ಎಂಬುದು ನನಗೆ ತಿಳಿದದ್ದು ಆಗಲೇ.

(ಆಕಾಶವಾಣಿ ಭಾಷಣ)